ಗುಂಡಿಗೆಯೊಳಗಿನ ಬಾಗಿಲುಗಳು

ಇವತ್ತು ಮಾಲೂರಿನ ಮಟನ್ ಅಂಗಡಿಯಲ್ಲಿ ಬಾಷಾ ಕುರಿಯ ಗುಂಡಿಗೆ ತೋರಿಸಿ "ದಿಲ್ ಹಾಕ್ಲಾ ಅಕ್ಕಾ?" ಎಂದು ಕೇಳಿದ. "ಹಾಕು, ಸೀಳಬೇಡ" ಎಂದೆ. ಮನೆಯವರೆಗೂ ಚೀಲವನ್ನು ಕೈಯಿಂದ ಕೈಗೆ ಬದಲಾಯಿಸುತ್ತಲೇ ನಡೆದೆ.

ನಾವು ಚಿಕ್ಕವರಿದ್ದಾಗ ಟೇಕಲ್ಲಿನ ನಮ್ಮ ಮನೆಗೆ ಕುರಿಯ ಗುಂಡಿಗೆ ಬಂದರೆ ಅದು ಮೊದಲು ಅಣ್ಣನ ಕೈಗೇ ಹೋಗಬೇಕಿತ್ತು. ಹೈಸ್ಕೂಲಿನಲ್ಲಿ ಅವನಿಗೆ ಗುಂಡಿಗೆಯ ಪಾಠ ಆಗಿತ್ತು.

"ಏನ್ಲಾ, ಸಾರಿಗೆ ಹಾಕೋದ್ರಲ್ಲಿ ಆಟ ಆಡ್ತೀಯಾ?" ಎಂದು ಅಜ್ಜಿ ಮಸಾಲೆ ಅರೆಯುತ್ತಲೇ ಬೈಯುತ್ತಿದ್ದಳು.

ಅವನು ಮೇಲಿನ ದಪ್ಪ ನಾಳಕ್ಕೆ ಚೊಂಬಿನಿಂದ ನೀರು ಸುರಿಯುತ್ತಿದ್ದ. ನೀರು ಒಳಗಿಳಿಯದೆ ಅಲ್ಲೇ ನಿಲ್ಲುತ್ತಿತ್ತು.

"ಒಳಗೆ ಮೂರು ಪುಟ್ಟ ಬಾಗ್ಲು ಅವೆ ಕಣೇ. ಎಡಗಡೆ ಗೋಡೆ ಹಿಂಡಿದ್ರೆ ತೆರ್ಕೊಂತವೆ, ರಕ್ತ ಮೈಗೆಲ್ಲಾ ಹೋಗ್ತದೆ. ಆಮೇಲೆ ಮುಚ್ಕೊಂತವೆ, ವಾಪಸ್ ಬರಂಗಿಲ್ಲ."

"ಬಲಗಡೆ ಗೋಡೆ ಯಾಕಣ್ಣಾ ತೆಳ್ಳಗೈತೆ?"

"ಅದು ಪಕ್ಕದಲ್ಲಿರೋ ಶ್ವಾಸಕೋಶಕ್ಕೆ ಮಾತ್ರ ತಳ್ಳೋದು. ಅಷ್ಟು ಬಲ ಬೇಡ."

ಅಣ್ಣನ ಗುಂಡಿಗೆಯಲ್ಲಿ ಅದೇ ಬಾಗಿಲುಗಳು ಸರಿಯಾಗಿ ಮುಚ್ಚುತ್ತಿಲ್ಲ, ರಕ್ತ ಹಿಂದಕ್ಕೆ ಸೋರುತ್ತಿದೆ ಎಂದು ಹೋದ ಬೇಸಿಗೆಯಲ್ಲಿ ಡಾಕ್ಟರು ಹೇಳಿದರು. ಮಾವಿನ ಕಾಲ ಮುಗಿಯುವ ಮೊದಲೇ ಅವನು ತೀರಿಕೊಂಡ.

ಇವತ್ತು ನಾನೂ ನಲ್ಲಿಯ ಪಕ್ಕ ನಿಂತು ಆ ದಪ್ಪ ನಾಳಕ್ಕೆ ನೀರು ಸುರಿದೆ. ಸತ್ತ ಕುರಿಯ ಬಾಗಿಲುಗಳು ಮುಚ್ಚಿಕೊಂಡವು. ನೀರು ಅಲುಗದೆ ನಿಂತಿತು.

"ಅಮ್ಮಾ, ಒಗ್ಗರಣೆ ಸೀದೋಗ್ತೈತೆ" ಎಂದು ಮಗಳು ಕೂಗಿದಳು. ಆ ನೀರನ್ನು ಚೆಲ್ಲಲು ನನಗೆ ಕೈ ಬರಲಿಲ್ಲ.