ಇಳಿಯುತ್ತಿದ್ದ ಮುಳ್ಳು

ಬಹರೈನಿನಲ್ಲಿ ಮನೆ ಬಿಸಿ ಮಾಡಲು ಬಾಯ್ಲರ್ ಕೂರಿಸಬೇಕು ಎಂದರೆ ಯಾರಿಗಾದರೂ ನಗು ಬರುತ್ತದೆ. ನನಗೆ ಬಂದದ್ದು ಅನುಮಾನ. ಬೇಸಿಗೆಯಲ್ಲಿ ತಣ್ಣೀರಿನ ನಲ್ಲಿ ತಿರುಗಿಸಿದರೂ ಕೈ ಸುಡುವ ಊರಿದು. ವರ್ಷಕ್ಕೆ ಎರಡು ತಿಂಗಳು ಗಾಳಿ ಬೀಸಿ ಸ್ವಲ್ಪ ಚಳಿಯಾಗುತ್ತದೆ, ಅಷ್ಟೆ. ಅದಕ್ಕಾಗಿ ಇಂಗ್ಲೆಂಡಿನಿಂದ ಬಾಯ್ಲರನ್ನೂ, ಬಿಸಿನೀರು ಹರಿದು ಕೋಣೆ ಬೆಚ್ಚಗಿಡುವ ಐದು ರೇಡಿಯೇಟರುಗಳನ್ನೂ ಹಡಗಿನಲ್ಲಿ ತರಿಸಿಕೊಂಡವರು ಎಂಥ ಜನ ಇರಬಹುದು?

ನಾನು ಒಂದು ಮೇಂಟೆನೆನ್ಸ್ ಕಂಪನಿಯಲ್ಲಿ ಪ್ಲಂಬಿಂಗ್ ಮತ್ತು ಎಸಿ ಎರಡೂ ನೋಡಿಕೊಳ್ಳುವವನು. ಉಡುಪಿ ಕಡೆಯಿಂದ ಇಲ್ಲಿಗೆ ಬಂದು ಹದಿಮೂರು ವರ್ಷ ಆಗಿತ್ತು. ಜುಫೈರಿನ ಹೋಟೆಲುಗಳಲ್ಲಿ ದೊಡ್ಡ ಬಾಯ್ಲರುಗಳ ಕೆಲಸ ಮಾಡಿದ್ದೆ. ಗೋಡೆಗೆ ನೇತುಹಾಕುವ ಈ ಮನೆಬಳಕೆಯ ಜಾತಿಯದ್ದನ್ನು ಮಾತ್ರ ಮುಟ್ಟಿರಲಿಲ್ಲ. ಅದನ್ನು ನಾನು ಯಾರಿಗೂ ಹೇಳಲಿಲ್ಲ.

ಮನೆ ಜಿಂಜ್‌ನಲ್ಲಿತ್ತು. ಬಾಗಿಲು ತೆಗೆದವರು ಅರುವತ್ತರ ಆಸುಪಾಸಿನ ಹೆಂಗಸು. ನಮ್ಮ ಕರಾವಳಿಯವರೇ, ಇಂಗ್ಲೆಂಡಿನಲ್ಲಿ ಬಹಳ ವರ್ಷ ಇದ್ದು, ಈಗ ಇಲ್ಲಿ ಒಂದು ಆಸ್ಪತ್ರೆಯ ಆಡಳಿತ ನೋಡಿಕೊಳ್ಳುತ್ತಿದ್ದರು. ಅವರ ಗಂಡ ಹಡಗಿನ ಎಂಜಿನಿಯರ್ ಆಗಿದ್ದವರು. ಇಲ್ಲಿಗೆ ಬಂದ ಮೇಲೆ ಪಾರ್ಶ್ವವಾಯು ಹೊಡೆದು ಬಲಗೈ ಬಿದ್ದುಹೋಗಿತ್ತು, ಮಾತು ನಿಂತಿತ್ತು. ಬಾಯಿಂದ ಹೊರಡುತ್ತಿದ್ದದ್ದು ತುಳುವಿನ ಒಂದೇ ಶಬ್ದ: ‘ಇಜ್ಜಿ’. ಅಂದರೆ ಇಲ್ಲ. ಹೌದು ಎನ್ನಬೇಕಾದಲ್ಲೂ ಅವರಿಗೆ ಅದೇ ಬರುತ್ತಿತ್ತು.

“ಅವ್ರ ಬಲಭಾಗ ಯಾವಾಗ್ಲೂ ತಣ್ಣಗೆ ಇರ್ತದೆ. ಎಸಿಯ ಬಿಸಿಗಾಳಿ ಹಾಕಿದ್ರೆ ಗಂಟಲು ಒಣಗಿ ಕೆಮ್ಮು ಶುರು. ಇಂಗ್ಲೆಂಡಿನ ಮನೆಯಲ್ಲಿ ರೇಡಿಯೇಟರ್ ಇತ್ತು, ಆರಾಮ ಇರ್ತಿದ್ರು,” ಎಂದರು ಆಕೆ. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದರು, “ನೀವು ಇದನ್ನು ಮೊದ್ಲು ಮಾಡಿದ್ದುಂಟಾ?”

“ಉಂಟು ಮೇಡಂ.”

“ಎಲ್ಲಿ?”

“ಜುಫೈರಲ್ಲಿ.”

ಅವರು ನಂಬಲಿಲ್ಲ. ಆಸ್ಪತ್ರೆಗೆ ನಾಲ್ಕು ದಿನ ರಜೆ ಹಾಕಿ, ಸ್ಟೂಲು ಎಳೆದುಕೊಂಡು, ಬಾಯ್ಲರಿನ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ನನ್ನ ಬೆನ್ನ ಹಿಂದೆ ಕೂತರು. ಕೈಯಲ್ಲೊಂದು ಪೆನ್ಸಿಲ್. ನಾನು ಒಂದೊಂದು ಕೆಲಸ ಮುಗಿಸಿದಾಗಲೂ ಪುಸ್ತಕದಲ್ಲಿ ಗೀಟು ಎಳೆಯುವ ಸದ್ದು ಕೇಳುತ್ತಿತ್ತು. “ಇದು ಆಯ್ತಾ? ಇದು ನೋಡಿದ್ರಾ?” ಎಂಬ ಪ್ರಶ್ನೆ ನಿಲ್ಲುತ್ತಿರಲಿಲ್ಲ. ಮೂರನೆಯ ದಿನದ ಹೊತ್ತಿಗೆ ಕೇಳಿದ್ದಕ್ಕೆಲ್ಲ ತಿರುಗಿ ನೋಡದೆಯೇ “ಹೌದು, ಹೌದು” ಎನ್ನತೊಡಗಿದ್ದೆ.

ಗ್ಯಾಸ್ ಪೈಪನ್ನು ಪರವಾನಗಿ ಇದ್ದವನು ಬಂದು ಜೋಡಿಸಿ ಹೋದ. ಉಳಿದದ್ದೆಲ್ಲ ನನ್ನದು. ಬಾಯ್ಲರಿನಿಂದ ರೇಡಿಯೇಟರುಗಳಿಗೆ ಹೋಗಿ ತಿರುಗಿ ಬರುವ ನೀರು ಎಲ್ಲೂ ಹೊರಗೆ ತೆರೆದುಕೊಳ್ಳುವುದಿಲ್ಲ. ಒಮ್ಮೆ ತುಂಬಿಸಿ ಬಂದ್ ಮಾಡಿದರೆ ಅದೇ ನೀರು ವರ್ಷಗಟ್ಟಲೆ ಸುತ್ತುತ್ತಿರಬೇಕು. ನಾಲ್ಕನೆಯ ಸಂಜೆ ನೀರು ತುಂಬಿಸಿ, ರೇಡಿಯೇಟರುಗಳ ತುದಿಯ ಸಣ್ಣ ಸ್ಕ್ರೂ ಸಡಿಲಿಸಿ ಒಳಗಿನ ಗಾಳಿ ಬಿಟ್ಟೆ. ಒತ್ತಡ ತೋರಿಸುವ ಮುಳ್ಳು ಒಂದೂಕಾಲಿನಲ್ಲಿ ನಿಂತಿತು. ಬಾಯ್ಲರ್ ಹೊತ್ತಿಕೊಂಡಿತು. ಅರ್ಧ ಗಂಟೆಯಲ್ಲಿ ರೇಡಿಯೇಟರ್ ಬಿಸಿಯಾಯಿತು. ಯಜಮಾನರು ಕುರ್ಚಿ ಸಮೇತ ಹತ್ತಿರ ಸರಿದು, ಎಡಗೈಯಿಂದ ಬಲಗೈಯನ್ನೆತ್ತಿ ಅದರ ಪಕ್ಕಕ್ಕೆ ಇಟ್ಟುಕೊಂಡು ಕಣ್ಣು ಮುಚ್ಚಿದರು.

ಮರುದಿನ ಮಧ್ಯಾಹ್ನ ಮೇಡಂ ಫೋನ್ ಮಾಡಿದರು. “ಮುಳ್ಳು ಕೆಳಗೆ ಬಂದಿದೆ. ಬಾಯ್ಲರ್ ಬಂದ್.”

ಹೋಗಿ ನೋಡಿದರೆ ನಿಜವೇ. ಒಂದೊಂದು ಜಾಯಿಂಟನ್ನೂ ಟಿಶ್ಯೂ ಪೇಪರಿನಿಂದ ಒತ್ತಿ ನೋಡಿದೆ. ಎಲ್ಲಿಯೂ ಪಸೆ ಇಲ್ಲ. ಹೆಚ್ಚಾದ ಒತ್ತಡ ಹೊರಹೋಗಲೆಂದು ಮನೆಯ ಹಿಂದೆ ಬಿಟ್ಟಿದ್ದ ತಾಮ್ರದ ಪೈಪಿನ ಬಾಯಿಯನ್ನೂ ಕಿಟಕಿಯಿಂದ ಬಗ್ಗಿ ನೋಡಿದೆ. ಕಂಡದ್ದು ಒಣಗಿದ ಬಾಯಿ. ಮತ್ತೆ ನೀರು ತುಂಬಿಸಿ ಬಂದೆ. ಎರಡು ದಿನ ಬಿಟ್ಟು ಅದೇ ಫೋನ್. ಆಮೇಲೆ ಮತ್ತೊಮ್ಮೆ. ಹೀಗೆ ಎರಡು ವಾರ.

“ನೀರು ಎಲ್ಲಿಗೆ ಹೋಗ್ತದೆ? ಹೇಳಿ ನೋಡುವಾ. ನೆಲದಡಿ ಜಾಯಿಂಟ್ ಇಟ್ಟಿದ್ದೀರಾ?”

“ಇಲ್ಲ ಮೇಡಂ. ಎಲ್ಲ ಗೋಡೆ ಮೇಲೆಯೇ. ನೀವೇ ನೋಡಿದ್ರಲ್ಲ.”

“ನಾನು ನೋಡದೆ ಇದ್ದಾಗ ಎಂತ ಮಾಡಿದ್ರೋ ನಂಗೆ ಹೇಗೆ ಗೊತ್ತಾಗ್ತದೆ?”

ಅವರು ಆಫೀಸಿಗೂ ಫೋನ್ ಮಾಡಿದ್ದರು. ಸೂಪರ್‌ವೈಸರ್ ನನ್ನನ್ನು ಕರೆದು, “ನಿಂಗೆ ಆ ಕೆಲಸ ಬರ್ತದಾ ಇಲ್ವಾ, ಸತ್ಯ ಹೇಳು ಮಾರಾಯಾ,” ಎಂದರು. ಮೈಯೆಲ್ಲ ಉರಿಯಿತು. ನನ್ನ ಕೆಲಸ ಸರಿಯಿದೆ; ಆ ಮನೆಯೊಳಗಿನವರೇ ಯಾರೋ ನೀರು ಬಿಡುತ್ತಿದ್ದಾರೆ ಎಂದು ಅಲ್ಲಿಯೇ ತೀರ್ಮಾನಿಸಿದೆ. ಮೊದಲು ಗುಮಾನಿ ಬಂದದ್ದು ಮೇಡಂ ಮೇಲೆಯೇ. ನಾನು ಸುಳ್ಳುಗಾರ ಎಂದು ತೋರಿಸಲಿಕ್ಕೆ ಹೀಗೆ ಮಾಡುತ್ತಿರಬಹುದೇ? ಮುಂದಿನ ಸಲ ಹೋದಾಗ ಮನೆಯ ಮೂಲೆ ಮೂಲೆಗಳ ಮೇಲೆ ಕಣ್ಣಿಟ್ಟೆ.

ಯಜಮಾನರ ಕೋಣೆಯ ರೇಡಿಯೇಟರಿನ ಕೆಳಗೆ ಒದ್ದೆ ಬಟ್ಟೆಯೊಂದು ಸಿಕ್ಕಿತು. ಅವರ ಅಂಗಿಯ ಜೇಬಿನಿಂದ ಹಿತ್ತಾಳೆಯ ಪುಟ್ಟ ಕೀಲಿ ಇಣುಕುತ್ತಿತ್ತು. ಗಾಳಿ ಬಿಡುವ ಸ್ಕ್ರೂ ತಿರುಗಿಸುವ ಕೀಲಿ. ಇಂಗ್ಲೆಂಡಿನ ಮನೆಯಿಂದ ತಂದದ್ದಿರಬೇಕು.

“ಮೇಡಂ, ಸಿಕ್ಕಿತು,” ಎಂದು ನಾನು ಗಟ್ಟಿಯಾಗಿ ಕೂಗಿದೆ. “ಸರ್ ಸ್ಕ್ರೂ ತೆಗೀತಿದ್ದಾರೆ. ನೀರು ಹೋಗುದು ಇಲ್ಲಿಂದ.”

ಮೇಡಂ ಬಂದು ಬಟ್ಟೆ ನೋಡಿದರು, ಕೀಲಿ ನೋಡಿದರು. ಗಂಡನ ಮುಂದೆ ಕೈ ಚಾಚಿದರು. “ಕೊಡಿ ಅದನ್ನ.”

“ಇಜ್ಜಿ,” ಎಂದರು ಅವರು.

“ಕೊಡಿ ಅಂದೆ.”

“ಇಜ್ಜಿ, ಇಜ್ಜಿ.” ಎಡಗೈ ಎತ್ತಿ ಬಾಗಿಲ ಕಡೆ ತೋರಿಸಿದರು. ನನ್ನನ್ನು ಹೊರಗೆ ಹೋಗು ಎನ್ನುತ್ತಿದ್ದಾರೆ ಎಂದುಕೊಂಡು ನಾನು ಮುಖ ಗಂಟಿಕ್ಕಿದೆ. ಮೇಡಂ ಅವರ ಜೇಬಿಗೆ ಕೈಹಾಕಿ ಕೀಲಿ ತೆಗೆದುಕೊಂಡರು. ಆ ಮನುಷ್ಯ ಗೋಡೆಗೆ ಮುಖ ಮಾಡಿ ಕೂತುಬಿಟ್ಟರು. ನಾನು ಗೆದ್ದವನಂತೆ ನೀರು ತುಂಬಿಸಿದೆ. ಅಷ್ಟಕ್ಕೇ ಬಿಡಲಿಲ್ಲ, ಯಾರಾದರೂ ಮುಟ್ಟಿದರೆ ಗೊತ್ತಾಗಲಿ ಎಂದು ಐದೂ ಸ್ಕ್ರೂಗಳ ಮೇಲೆ ಪೆನ್ನಿನಿಂದ ಗೆರೆ ಎಳೆದೆ. ಹೋಗುವಾಗ ಮೇಡಂ ಹೇಳಿದರು, “ಇನ್ನೂ ಇಳಿದ್ರೆ ಎಂತ ಹೇಳ್ತೀರಿ, ನೋಡ್ತೇನೆ.”

ಇಳಿಯಿತು. ಈ ಸಲ ಫೋನ್ ಬಂದದ್ದು ಬೆಳಿಗ್ಗೆ. ಅವರು ಆಸ್ಪತ್ರೆಗೆ ಹೊರಡುವ ಮೊದಲು ನೀರು ತುಂಬಿಸಬೇಕೆಂದು ಒಂದೇ ಉಸಿರಿಗೆ ಓಡಿದೆ. ಐದು ಗೆರೆಗಳೂ ಎಳೆದ ಹಾಗೆಯೇ ಇದ್ದವು. ಅಂದರೆ ಯಾರೂ ಮುಟ್ಟಿರಲಿಲ್ಲ. ನೀರು ತುಂಬಿಸಿ ಬಾಯ್ಲರ್ ಹೊತ್ತಿಸಿದೆ. ಬೇರೆ ದಿನಗಳಲ್ಲಾದರೆ ಅಷ್ಟಕ್ಕೇ ಹೊರಡುತ್ತಿದ್ದೆ. ಅಂದು ಹೊರಡಲು ಧೈರ್ಯ ಬರದೆ ಮುಳ್ಳನ್ನೇ ನೋಡುತ್ತಾ ನಿಂತೆ. ನೀರು ಬಿಸಿಯಾದಂತೆ ಅದು ಏರುತ್ತಾ ಹೋಯಿತು. ಎರಡು. ಎರಡೂವರೆ. ಮೂರು. ಅಷ್ಟು ಏರಬಾರದಿತ್ತು.

ಯಾರೋ ತೋಳು ಹಿಡಿದೆಳೆದರು. ಯಜಮಾನರು, ಊರುಗೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು. ಮತ್ತೆ ಬಾಗಿಲ ಕಡೆಗೇ ತೋರಿಸಿದರು. ಈ ಸಲ ಹಿಂದೆಯೇ ಹೋದೆ.

ಮನೆಯ ಹಿಂದೆ, ಗೋಡೆಗೂ ಕಾಂಪೌಂಡಿಗೂ ನಡುವೆ ಒಬ್ಬರು ನಡೆಯುವಷ್ಟು ಜಾಗ. ನೆಲವೆಲ್ಲ ಬಿಳಿ ಮರಳು. ತಾಮ್ರದ ಪೈಪಿನ ಬಾಯಿಯಿಂದ ತಟತಟ ನೀರು ಬೀಳುತ್ತಿತ್ತು. ಅದರ ಕೆಳಗೆ, ಕಿಟಕಿಯಿಂದ ಕಾಣದ ಹಾಗೆ ಗೋಡೆಗೆ ಒತ್ತಿಕೊಂಡು, ಅಂಗೈಯಗಲ ಹಸಿರು ಹುಲ್ಲು ಎದ್ದಿತ್ತು. ನಾನು ಬರುತ್ತಿದ್ದದ್ದು ಯಾವಾಗಲೂ ಬಾಯ್ಲರ್ ತಣ್ಣಗಾದ ಮೇಲೆ. ಆ ಹೊತ್ತಿಗೆ ಪೈಪೂ ಒಣಗಿ, ನೀರನ್ನು ಮರಳು ಕುಡಿದಿರುತ್ತಿತ್ತು.

ಯಜಮಾನರು ಎಡಗೈಯನ್ನು ಮುಷ್ಟಿ ಮಾಡಿ ಮೆಲ್ಲಗೆ ಬಿಚ್ಚಿದರು. ಮತ್ತೆ ಮುಚ್ಚಿದರು, ಮತ್ತೆ ಬಿಚ್ಚಿದರು. ನನಗೆ ಅರ್ಥವಾಯಿತು. ನೀರು ಬಿಸಿಯಾದಾಗ ಹಿಗ್ಗುತ್ತದೆ. ಹಿಗ್ಗಿದ್ದಕ್ಕೆ ಜಾಗ ಕೊಡಲೆಂದು ಬಾಯ್ಲರಿನ ಬೆನ್ನಿಗೆ ಗಾಳಿ ತುಂಬಿದ ಒಂದು ಡಬ್ಬಿ ಇರುತ್ತದೆ. ಒಳಗೆ ಓಡಿ ಬಾಯ್ಲರ್ ಆರಿಸಿ, ಮುಚ್ಚಳ ಬಿಚ್ಚಿ, ಆ ಡಬ್ಬಿಯ ಮೂತಿಯ ಪಿನ್ನನ್ನು ಉಗುರಿನಿಂದ ಒತ್ತಿದೆ. ಬುಸ್ ಎನ್ನಬೇಕಿತ್ತು. ಏನೂ ಬರಲಿಲ್ಲ. ಪಿನ್ ಸಡಿಲಾಗಿ, ಹಡಗಿನಲ್ಲಿ ಬರುವ ದಾರಿಯಲ್ಲೇ ಗಾಳಿಯೆಲ್ಲ ಹೋಗಿತ್ತು. ಹಿಗ್ಗಿದ ನೀರು ಜಾಗ ಸಿಗದೆ ಪೈಪಿನಿಂದ ಹೊರಬೀಳುತ್ತಿತ್ತು, ತಣ್ಣಗಾದಾಗ ಉಳಿದ ನೀರು ಸಾಲದೆ ಮುಳ್ಳು ಇಳಿಯುತ್ತಿತ್ತು. ನೀರು ತುಂಬುವ ಮೊದಲು ನೋಡಬೇಕಾಗಿದ್ದ ಒಂದೇ ಒಂದು ಕೆಲಸ ಅದು. ಮೇಡಂ ಪುಸ್ತಕ ಓದಿ ಅದನ್ನೂ ಕೇಳಿದ್ದರು, ನಾನು ತಿರುಗಿ ನೋಡದೆ ‘ಹೌದು’ ಎಂದಿದ್ದೆ.

ಸುಮ್ಮನೆ ಗಾಳಿ ತುಂಬಿಸಿ, ಇಂಗ್ಲೆಂಡಿನ ಕಂಪನಿಯದ್ದೇ ತಪ್ಪು ಎಂದು ಹೇಳಿ ಬರಬಹುದಿತ್ತು. ಆ ಯೋಚನೆ ಬಂದದ್ದೂ ಹೌದು. ಆದರೆ ಯಜಮಾನರು ಅಲ್ಲೇ ನಿಂತಿದ್ದರು, ಅವರಿಗೆ ಗೊತ್ತಿತ್ತು. ಬ್ಯಾಗು ಹಿಡಿದು ಹೊರಟಿದ್ದ ಮೇಡಂ ಅವರನ್ನು ತಡೆದು ಹೇಳಿದೆ, “ಮೇಡಂ, ತಪ್ಪು ನಂದು. ಈ ಡಬ್ಬಿಯ ಗಾಳಿ ನಾನು ನೋಡ್ಲೇ ಇಲ್ಲ. ನೋಡಿದೆ ಅಂತ ಸುಳ್ಳು ಹೇಳಿದ್ದೆ. ಇಂಥ ಬಾಯ್ಲರ್ ಹಾಕಿದ್ದೂ ಇದೇ ಮೊದ್ಲು. ಸರ್ ಅವತ್ತಿಂದ ಇದನ್ನೇ ತೋರಿಸ್ತಾ ಇದ್ದದ್ದು.”

ಬೈಗುಳಕ್ಕೆ ಕಾದೆ. ಅವರು ನನ್ನನ್ನು ನೋಡಲಿಲ್ಲ. “ಮತ್ತೆ ಆ ಕೀಲಿ? ಒದ್ದೆ ಬಟ್ಟೆ?”

“ಒತ್ತಡ ಇಳಿದಾಗ ಒಳಗೆ ಗಾಳಿ ಸೇರ್ತದೆ, ಗುಳುಗುಳು ಅಂತದೆ. ಅದನ್ನು ಬಿಡ್ತಿದ್ರು ಅಷ್ಟೆ. ನಾಲ್ಕು ಹನಿ ನೀರು ಬಿದ್ದಿರಬಹುದು, ಹೆಚ್ಚಿಲ್ಲ.”

ಅವರು ಬ್ಯಾಗಿನ ಒಳಜೇಬಿನಿಂದ ಕೀಲಿ ತೆಗೆದು ಗಂಡನ ಎಡಗೈಯಲ್ಲಿಟ್ಟು ಬೆರಳುಗಳನ್ನು ಮಡಚಿದರು. ಬಹಳ ಹೊತ್ತು ಆ ಕೈ ಬಿಡಲಿಲ್ಲ. ನಾನೂ ಹತ್ತಿರ ಹೋಗಿ, “ತಪ್ಪಾಯ್ತು ಸರ್,” ಎಂದೆ. ಅವರು ‘ಇಜ್ಜಿ’ ಎಂದರು. ಅದು ಯಾವ ಇಜ್ಜಿಯೋ ನನಗೆ ಇವತ್ತಿಗೂ ಗೊತ್ತಿಲ್ಲ.

ಪಿನ್ ಬದಲಿಸಿ, ನೀರಿನ ಒತ್ತಡ ಇಳಿಸಿ, ಕಾರಿನ ಟಯರಿಗೆ ಗಾಳಿ ಹೊಡೆಯುವ ಪಂಪಿನಿಂದಲೇ ಡಬ್ಬಿಗೆ ಗಾಳಿ ತುಂಬಿಸಿದೆ. ಯಜಮಾನರು ಪಕ್ಕದಲ್ಲಿ ಕೂತು ಪಂಪಿನ ಮೀಟರ್ ನೋಡುತ್ತಿದ್ದು, ಸಾಕಾದಾಗ ನನ್ನ ಮೊಣಕಾಲು ತಟ್ಟಿದರು. ಮತ್ತೆ ನೀರು ತುಂಬಿಸಿ ಹೊತ್ತಿಸಿದಾಗ ಮುಳ್ಳು ಸ್ವಲ್ಪವೇ ಏರಿ ನಿಂತಿತು.

ಮೇಡಂ ಮತ್ತೆ ಆಫೀಸಿಗೆ ದೂರು ಕೊಡಲಿಲ್ಲ, ಹಾಗೆಂದು ನನ್ನನ್ನು ನಂಬಲೂ ಇಲ್ಲ. ಮರುದಿನದಿಂದ ಬೆಳಿಗ್ಗೆ ಏಳು ಗಂಟೆಗೆ ನನ್ನ ಫೋನಿಗೆ ಮುಳ್ಳಿನ ಫೋಟೋ ಬರತೊಡಗಿತು. ಜೊತೆಗೆ ಒಂದಕ್ಷರವೂ ಇರುತ್ತಿರಲಿಲ್ಲ. ನಾನು ನೋಡಿ, ದೊಡ್ಡದು ಮಾಡಿ ನೋಡಿ, ಆಮೇಲೆ ಚಹಾ ಕುಡಿಯುತ್ತಿದ್ದೆ. ಹನ್ನೆರಡನೆಯ ದಿನ ಫೋಟೋ ಬರಲಿಲ್ಲ. ಒಂಬತ್ತಾದರೂ ಇಲ್ಲ. ತಡೆಯಲಾರದೆ ನಾನೇ ಫೋನ್ ಮಾಡಿದೆ.

“ಮೇಡಂ, ಮುಳ್ಳು ಇಳಿದಿದೆಯಾ?”

“ಇಲ್ವಲ್ಲ. ಎಂತಕ್ಕೆ?”

“ಫೋಟೋ ಬರ್ಲಿಲ್ಲ.”

“ನೋಡ್ಲಿಕ್ಕೇ ಮರ್ತುಹೋಯ್ತು,” ಎಂದರು ಅವರು, ತಮಗೇ ಆಶ್ಚರ್ಯವಾದವರಂತೆ.