ವಿಮಲಕ್ಕನ ಭಾನುವಾರದ ಜಗಳ

ವಿಮಲಕ್ಕ ಫುಟ್ಬಾಲ್ ನೋಡುವಾಗ ಟೀವಿಯ ಸದ್ದನ್ನು ಪೂರ್ತಿ ಆರಿಸಿಬಿಡುತ್ತಿದ್ದರು. ಮನೆ ತುಂಬ ಜನ ಇದ್ದರೂ ರಿಮೋಟು ಅವರ ತೊಡೆಯ ಮೇಲೆಯೇ ಇರಬೇಕು. ಕಾಮೆಂಟರಿ ಹೇಳುವವರು ಮಾತು ಮಾತಿಗೂ ಕೋಚನ್ನು ಹೊಗಳುತ್ತಾರೆ ಎಂಬುದು ಅವರ ತಕರಾರು. "ಅವರು ಹೇಳಿದ್ದು ಕೇಳ್ಕೋತ ಕೂತ್ರ ನಮ್ಮ ಕಣ್ಣಿಗೇನು ಕೆಲಸ?" ಅನ್ನುತ್ತಿದ್ದರು. ಹಾಗಾಗಿ ಅಮೆರಿಕದ ಫ್ರೀಮಾಂಟಿನ ಅವರ ಅಪಾರ್ಟ್‌ಮೆಂಟಿನಲ್ಲಿ ತೆರೆಯ ಮೇಲಿನ ಭಾರೀ ಆಳುಗಳು ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ಸದ್ದಿಲ್ಲದೆ ಉರುಳುತ್ತಿದ್ದರು. ಕೇಳಿಸುತ್ತಿದ್ದದ್ದು ಎರಡೇ ದನಿ: ವಿಮಲಕ್ಕನ ಧಾರವಾಡದ ಕನ್ನಡ, ಅದಕ್ಕೆ ಉತ್ತರವಾಗಿ ನನ್ನ ಗಂಡ ಶ್ರೀಧರನ ಬೆಂಗಳೂರು ಕನ್ನಡ.

ಅವರು ನಮ್ಮ ಪಕ್ಕದ ಮನೆಯವರು. ನಾವು ಅಲ್ಲಿಗೆ ಬಂದಾಗ ಅವರಿಗೆ ಆಗಲೇ ಅರವತ್ತು ದಾಟಿತ್ತು. ತೆಳ್ಳಗಿನ ಮೈ, ಬಿಗಿಯಾಗಿ ಕಟ್ಟಿದ ಬಿಳಿ ತುರುಬು. ಪಂದ್ಯದ ದಿನ ಇಳಕಲ್ ಸೀರೆಯ ಮೇಲೆ ಟೀಮಿನ ಜರ್ಸಿ ಹಾಕಿಕೊಂಡು ಓಡಾಡುತ್ತಿದ್ದರು. ಮೊದಲ ವಾರವೇ ಬಾಗಿಲು ತಟ್ಟಿ, "ಗಿರ್ಮಿಟ್ ಮಾಡೇನಿ, ಬರ್ರಿ. ಆದ್ರ ಮ್ಯಾಚ್ ಮುಗಿಯೂತನಕ ಆಫೀಸಿನ ಮಾತು ಆಡೂದಿಲ್ಲ ಅಂದ್ರ ಅಷ್ಟ ಬರ್ರಿ" ಎಂದು ಕರೆದಿದ್ದರು. ಶ್ರೀಧರನಿಗೆ ಆ ಷರತ್ತು ತುಂಬ ಹಿಡಿಸಿತು.

ಇದು ಕಾಲಿನಿಂದ ಒದೆಯುವ ಫುಟ್ಬಾಲ್ ಅಲ್ಲ, ಅಮೆರಿಕದವರದು. ಚೆಂಡು ಹೆಚ್ಚಾಗಿ ಕೈಯಲ್ಲೇ ಇರುತ್ತದೆ. ಪ್ರತಿ ಸಲ ಆಟ ನಿಂತು ಮತ್ತೆ ಶುರುವಾಗುವ ಮುಂಚೆ, ಈಗ ಏನು ಮಾಡಬೇಕೆಂದು ಅಂಚಿನಲ್ಲಿ ನಿಂತ ಕೋಚು ತೀರ್ಮಾನಿಸುತ್ತಾನೆ. ಒಂದೋ ಚೆಂಡನ್ನು ದೂರಕ್ಕೆ ಎಸೆಯಬೇಕು, ತಮ್ಮವನೊಬ್ಬ ಹಿಡಿಯಬೇಕು. ಇಲ್ಲವೇ ರನ್ನಿಂಗ್ ಬ್ಯಾಕ್ ಎಂಬ ಓಟಗಾರನ ಕೈಗೆ ಕೊಟ್ಟು, ಎದುರಾಳಿಗಳ ಗುಂಪನ್ನು ಸೀಳಿಕೊಂಡು ಹೋಗು ಎನ್ನಬೇಕು. ಎಸೆಯುವುದೋ, ಓಡಿಸುವುದೋ? ಓಡಿಸುವುದಾದರೆ ಯಾರನ್ನು? ನಮ್ಮ ಮನೆಗಳ ನಡುವಿನ ಜಗಳವೆಲ್ಲ ಇಷ್ಟರ ಮೇಲೆಯೇ ನಡೆಯುತ್ತಿತ್ತು.

ನಮ್ಮ ಟೀಮಿನಲ್ಲಿ ಆಗ ಇಬ್ಬರು ಓಟಗಾರರಿದ್ದರು. ಒಬ್ಬ ವಯಸ್ಸಾದವನು, ಎಮ್ಮೆಯ ಹಾಗೆ ನುಗ್ಗುವವನು. ಇನ್ನೊಬ್ಬ ಹೊಸಬ, ಜಿಂಕೆ. ವಿಮಲಕ್ಕ ಇಬ್ಬರ ಹೆಸರನ್ನೂ ಹಿಡಿಯುತ್ತಿರಲಿಲ್ಲ, ದೊಡ್ಡಾಂವ, ಸಣ್ಣಾಂವ ಎಂದೇ ಕರೆಯುತ್ತಿದ್ದರು.

"ಸಣ್ಣಾಂವಗ ಉಸಿರು ಬಿಡ್ಲಿಕ್ಕೂ ಬಿಡವಲ್ಲ ನಿಮ್ಮ ಕೋಚು. ದೊಡ್ಡಾಂವ ಅಲ್ಲೆ ಬೆಂಚಿನ ಮ್ಯಾಲ ನೀರು ಕುಡಕೋತ ಕೂತಾನ. ಒಬ್ಬಾಂವ ದಣದಾಗ ಇನ್ನೊಬ್ಬಾಂವನ್ನ ಕಳಸಬೇಕು ಅನ್ನೂದು ಮನಿ ನಡಸೋ ಹೆಣಮಕ್ಕಳಿಗೆಲ್ಲ ಗೊತ್ತದ."

"ವಿಮಲಕ್ಕ, ಬೆಸ್ಟ್ ಪ್ಲೇಯರ್ ಕೈಗೇ ತಾನೆ ಬಾಲ್ ಕೊಡ್ಬೇಕು? ಅದೂ ಅಲ್ದೆ, ಎಲ್ರೂ ಓಡಿಸ್ತಾನೆ ಅಂದ್ಕೊಂಡಾಗ ಎಸೀತಾನೆ ನೋಡಿ, ಅದೇ ಅವನ ತಲೆ."

"ತಲಿ ಅದ, ಒಪ್ಪಿದೆ. ತಲಿ ಭಾಳ ಇದ್ದಾವ್ರದು ಇದ ತ್ರಾಸು. ಎದುರಿಗೆ ಬಾಗಲಾ ತಗದಿದ್ರೂ ಕಿಡಕಿ ಹಾರಿ ಬರ್ತಾರ."

ಕೋಚು ಮಾಡಿದ್ದು ಸರಿ ಎಂದು ಅವರು ಒಪ್ಪಿಕೊಂಡಿದ್ದು ಒಂದೇ ಒಂದು ಸಲ. ಒಂದು ದೊಡ್ಡ ಪಂದ್ಯದ ಕೊನೆಯ ಗಳಿಗೆಯಲ್ಲಿ, ಅಂಕ ತಂದುಕೊಡುವ ಕೊನೆಯ ಗೆರೆ ಮುಟ್ಟಲು ಒಂದು ಹೆಜ್ಜೆಯಷ್ಟು ದೂರವಿದ್ದಾಗ, ಕೋಚು ಎಸೆಯುವ ಯೋಚನೆ ಬಿಟ್ಟು ದೊಡ್ಡವನಿಗೆ ಚೆಂಡು ಕೊಡಿಸಿದ. ಅವನು ಮೂವರನ್ನು ಹೊತ್ತುಕೊಂಡೇ ಗೆರೆ ದಾಟಿದ. ಟೀಮು ಗೆದ್ದಿತು. ಆಮೇಲೆ ಎಷ್ಟೋ ಭಾನುವಾರ ಶ್ರೀಧರ ಆ ಪಂದ್ಯವನ್ನೇ ಎತ್ತಿ ಆಡಿದ. "ಆ ಒಂದು ದಿನ ಅಂವಗ ಬುದ್ಧಿ ಬಂದಿತ್ತು, ಇಲ್ಲಾಂತ ಯಾರಂದ್ರು?" ಎಂದು ವಿಮಲಕ್ಕ ಒಪ್ಪಿ, ಅವನ ತಟ್ಟೆಗೆ ಇನ್ನೊಂದು ಮೆಣಸಿನಕಾಯಿ ಬಜ್ಜಿ ಹಾಕುತ್ತಿದ್ದರು.

ಇಷ್ಟೆಲ್ಲ ಎಲ್ಲಿ ಕಲಿತಿರಿ ಎಂದು ನಾನೊಮ್ಮೆ ಕೇಳಿದ್ದೆ. ಅವರು ಹೇಳಿದ ಕತೆ ಚಿಕ್ಕದು. ಮದುವೆಯಾಗಿ ಇಲ್ಲಿಗೆ ಬಂದ ಕೆಲವೇ ವರ್ಷಕ್ಕೆ ಅವರ ಗಂಡ ತೀರಿಕೊಂಡರು. ಮಕ್ಕಳಿರಲಿಲ್ಲ. ಊರಿಗೆ ಹೋಗಿಬಿಡು ಎಂದು ಎಲ್ಲರೂ ಹೇಳಿದರೂ ಅವರು ಹೋಗಲಿಲ್ಲ. ಓಕ್ಲ್ಯಾಂಡಿನ ಒಂದು ಸರ್ಕಾರಿ ಆಫೀಸಿನಲ್ಲಿ ಕೆಲಸ ಹಿಡಿದು ದಿನವೂ ರೈಲಿನಲ್ಲಿ ಓಡಾಡತೊಡಗಿದರು. ಆಫೀಸಿನಲ್ಲಿ ಯಾರೊಂದಿಗೂ ಮಾತಿಲ್ಲ. ಊಟದ ಕೋಣೆಯಲ್ಲಿ ಅವರು ಬಂದ ಕೂಡಲೇ ಉಳಿದವರು ದನಿ ತಗ್ಗಿಸುತ್ತಿದ್ದರಂತೆ. ಲಿಯೋನ್ ಎಂಬ ಸಹೋದ್ಯೋಗಿ ಮಾತ್ರ ಒಂದು ದಿನ ಎದುರಿಗೆ ಬಂದು ಕೂತು, ನಿನ್ನೆಯ ಪಂದ್ಯದಲ್ಲಿ ಓಟಗಾರನಿಗೆ ಚೆಂಡು ಕೊಡದೆ ಕೋಚು ಹಾಳು ಮಾಡಿದ, ನೀನೇನಂತೀಯ ಎಂದು ಕೇಳಿದನಂತೆ. ನನಗೆ ಗೊತ್ತಿಲ್ಲ ಎಂದರೆ ಬಿಡಲಿಲ್ಲ. ಮುಂದಿನ ವಾರ ನೋಡಿಕೊಂಡು ಬಾ, ಜಗಳ ಆಡೋಣ ಎಂದ.

"ಎಲ್ಲಾರೂ ಸಮಾಧಾನ ಮಾಡಿದ್ರು ಮಾಲಿನಿ. ಅಂವ ಒಬ್ಬಾಂವ ಜಗಳಾ ತಗದ," ಅಂದರು ವಿಮಲಕ್ಕ. "ಇಂಗ್ಲಿಷು ನಾ ಧಾರವಾಡದಾಗ ಕಲತದ್ದು. ಎದುರು ಮಾತಾಡೂದು ಮಾತ್ರ ಓಕ್ಲ್ಯಾಂಡ್‌ನಾಗ ಕಲತೆ."

ಆಗ ಅದನ್ನು ಕೇಳಿ ನಕ್ಕಿದ್ದೆ. ಅದರ ಅರ್ಥ ನನಗೆ ತಿಳಿದದ್ದು ಶ್ರೀಧರನಿಗೆ ಪಾರ್ಶ್ವವಾಯು ಬಡಿದ ಮೇಲೆ.

ಒಂದು ಬೆಳಿಗ್ಗೆ ಪಾಲೋ ಆಲ್ಟೋದ ಆಫೀಸಿಗೆ ಹೊರಟವನು ಬಾಗಿಲ ಬಳಿಯೇ ಕುಸಿದ. ಜೀವ ಉಳಿಯಿತು. ಕಾಲು ನಿಧಾನವಾಗಿ ಹಿಡಿತಕ್ಕೆ ಬಂತು, ಬಲಗೈ ಪೂರ್ತಿ ಬರಲಿಲ್ಲ. ಮಾತು ಬರಲಿಲ್ಲ. ನಾವು ಹೇಳಿದ್ದೆಲ್ಲ ಅವನಿಗೆ ಅರ್ಥವಾಗುತ್ತದೆ, ಹೇಳಬೇಕಾದ ಪದ ಮಾತ್ರ ಸಿಗುವುದಿಲ್ಲ ಎಂದು ಡಾಕ್ಟರು ವಿವರಿಸಿದರು. ಮಾತು ಕಲಿಸಲು ಒಬ್ಬ ಹುಡುಗಿ ಬರುತ್ತಿದ್ದಳು. ಸೇಬು, ಬೀಗದ ಕೈ, ಕುರ್ಚಿ ಎಂದು ಚಿತ್ರ ತೋರಿಸುತ್ತಿದ್ದಳು. ಒಳ್ಳೆಯ ಹುಡುಗಿ, ತಾಳ್ಮೆಯವಳು. ಆದರೆ ಮಾತಿನಲ್ಲೇ ಮೀಟಿಂಗುಗಳನ್ನು ಗೆದ್ದುಕೊಂಡು ಬರುತ್ತಿದ್ದ ಮನುಷ್ಯ ಸೇಬಿನ ಚಿತ್ರದ ಮುಂದೆ ಬಾಯಿ ತೆರೆದು, ಮುಚ್ಚಿ, ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಳ್ಳುತ್ತಿದ್ದ. ಕ್ರಮೇಣ ಪ್ರಯತ್ನವನ್ನೇ ಬಿಟ್ಟ.

ನೋಡಲು ಬಂದವರೆಲ್ಲ ಮೆತ್ತಗೆ ಮಾತಾಡಿದರು. ಅವನು ತುಟಿ ಅಲುಗಿಸಿದರೆ ಸಾಕು, "ನೀರು ಬೇಕಾ? ಫ್ಯಾನು ಹಾಕ್ಲಾ?" ಎಂದು ನಾವೇ ಅವನ ಮಾತನ್ನು ಮುಗಿಸಿಬಿಡುತ್ತಿದ್ದೆವು. ಬೇರೆ ಊರಿನಲ್ಲಿ ಓದುತ್ತಿದ್ದ ಮಗಳು ರಜೆ ಹಾಕಿ ಬಂದು ಅಪ್ಪನ ಕೈ ಹಿಡಿದುಕೊಂಡು, "ಇಟ್ಸ್ ಓಕೆ ಅಪ್ಪಾ, ಯು ಡೋಂಟ್ ಹ್ಯಾವ್ ಟು ಟಾಕ್" ಅನ್ನುತ್ತಿದ್ದಳು. ಅವನು ತಲೆಯಾಡಿಸಿ ಸುಮ್ಮನಾಗುತ್ತಿದ್ದ.

ಫುಟ್ಬಾಲ್ ಸೀಸನ್ ಶುರುವಾದ ಭಾನುವಾರ ವಿಮಲಕ್ಕ ಗಿರ್ಮಿಟ್ ಪಾತ್ರೆ ಹಿಡಿದು ನಮ್ಮ ಮನೆಗೇ ಬಂದರು. ಟೀವಿ ಹಾಕಿ, ಸದ್ದು ಆರಿಸಿ, ಶ್ರೀಧರನ ಪಕ್ಕ ಕೂತರು. ಹೇಗಿದ್ದೀಯ ಎಂದು ಕೇಳಲಿಲ್ಲ. ಆಟ ಶುರುವಾದ ಸ್ವಲ್ಪ ಹೊತ್ತಿಗೆ, "ನೋಡಿದ್ಯಾ ನಿಮ್ಮ ಕೋಚಿನ ತಲಿ? ಮತ್ತ ಎಸದ," ಅಂದರು. ಶ್ರೀಧರನ ಹುಬ್ಬು ಗಂಟಾಯಿತು. ವಿಮಲಕ್ಕ ಮುಂದುವರಿಸಿದರು. ಇಡೀ ಪಂದ್ಯ ಕೋಚಿನ ಮಾನ ತೆಗೆದು, ಪ್ರತಿ ಮಾತಿನ ಕೊನೆಗೂ ಶ್ರೀಧರನ ಕಡೆ ತಿರುಗಿ ಸುಮ್ಮನೆ ಕಾಯುತ್ತಿದ್ದರು. ಅವನ ಕುತ್ತಿಗೆಯ ನರ ಉಬ್ಬಿತು. ಎಡಗೈ ಸೋಫಾವನ್ನು ಗುದ್ದಿತು. ಮಾತು ಬರಲಿಲ್ಲ.

ಅವರನ್ನು ಬಾಗಿಲವರೆಗೆ ಬಿಡಲು ಹೋದಾಗ ನಾನು ಹೇಳಿಯೇಬಿಟ್ಟೆ: "ವಿಮಲಕ್ಕ, ದಯವಿಟ್ಟು ಅವ್ರನ್ನ ಕೆಣಕ್ಬೇಡಿ. ಬಿ.ಪಿ. ಏರಬಾರ್ದು ಅಂದಿದಾರೆ."

"ಅಂವಗ ನನ್ನ ಮ್ಯಾಲ ಸಿಟ್ಟಿಲ್ಲ ಮಾಲಿನಿ. ಅವನ ಹತ್ರ ಉತ್ತರ ಅದ, ಕೈಗೆ ಸಿಗವಲ್ದು. ಹುಡುಕಲಿ. ನೀ ಹುಡುಕಿ ಕೊಡಬ್ಯಾಡ," ಅಂದರು. ದನಿಯಲ್ಲಿ ಸ್ವಲ್ಪವೂ ಗಡಸಿರಲಿಲ್ಲ. "ನಿನಗ ಬ್ಯಾಡಂದ್ರ ನಾ ಬರೂದಿಲ್ಲ. ಆದ್ರ ಅವನ್ನೂ ಒಂದು ಮಾತು ಕೇಳು."

ಕೇಳಿದೆ. ಮುಂದಿನ ಭಾನುವಾರ ವಿಮಲಕ್ಕ ಬರಬಹುದಾ ಎಂದಾಗ ಶ್ರೀಧರ ತಲೆಯಾಡಿಸಿದ್ದಲ್ಲದೆ, ಎದ್ದು ಹೋಗಿ ಬೀರುವಿನಿಂದ ತನ್ನ ಜರ್ಸಿ ತಂದ. ಬಲಗೈಯನ್ನು ಅದರ ತೋಳಿನೊಳಗೆ ತೂರಿಸಲಾಗದೆ ಒದ್ದಾಡುತ್ತಿದ್ದ. ಆಸ್ಪತ್ರೆಯಿಂದ ಬಂದ ಮೇಲೆ ಅವನು ಏನನ್ನಾದರೂ ಬೇಕೆಂದು ಎದ್ದು ತಂದದ್ದು ಅದೇ ಮೊದಲು.

ಭಾನುವಾರಗಳು ಹೀಗೇ ಹೋದವು. ಮರಗಳ ಎಲೆ ಕೆಂಪಾಗತೊಡಗಿದ ಹೊತ್ತಿಗೆ ಒಂದು ಪಂದ್ಯ. ನಮ್ಮವರು ಗೆರೆಯ ಹತ್ತಿರ ಬಂದು ನಿಂತಿದ್ದರು. ವಿಮಲಕ್ಕ ಗಿರ್ಮಿಟಿಗೆ ನಿಂಬೆ ಹಿಂಡುತ್ತ, ತಲೆ ಎತ್ತದೆಯೇ ಹೇಳಿದರು:

"ಈಗೂ ಎಸೀತಾನ ನೋಡು. ಹೋದ ಸಲ ಆ ದೊಡ್ಡ ಮ್ಯಾಚಿನ್ಯಾಗೂ ಹಿಂಗ ಒಂದು ಹೆಜ್ಜಿ ಇದ್ದಾಗ ಎಸದು ಕಳಕೊಂಡ."

ಶ್ರೀಧರ ಅವರ ಕಡೆ ತಿರುಗಿದ. "ಅ..." ಅಂದ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಬಾಯಿಯವರೆಗೆ ಬಂದ ಮಾತನ್ನು ನುಂಗಿಕೊಂಡೆ.

"ಏನು?" ಅಂದರು ವಿಮಲಕ್ಕ.

"ಅ... ಅಲ್ಲ."

"ಏನ್ ಅಲ್ಲ?"

ಅವನು ಕಣ್ಣು ಮುಚ್ಚಿದ. ಹಣೆಯಲ್ಲಿ ಬೆವರು. ಟೀವಿಯಲ್ಲಿ ಆಟ ನಿಂತು ಯಾವುದೋ ಜಾಹೀರಾತು ಬಂತು, ಹೋಯಿತು. ವಿಮಲಕ್ಕ ನಿಂಬೆಯ ಹೋಳನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದರು.

"ಓಡ್... ಓಡ್ಸಿದ," ಅಂದ ಶ್ರೀಧರ. "ದೊಡ್ಡ... ದೊಡ್ಡೋನು. ಗೆದ್ರು."

"ಹೌದೇನು? ಹಂಗಾದ್ರ ನನಗ ಮರತಿತ್ತು," ಎಂದು ವಿಮಲಕ್ಕ ತಟ್ಟೆಯನ್ನು ಅವನ ಎಡಗೈಗೆ ಕೊಟ್ಟರು. ನಾನು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಆಮೇಲೆ ಪಾತ್ರೆ ತೊಳೆಯುವಾಗ ಕೇಳಿದೆ, ಅದು ನಿಜವಾಗಿ ಮರೆತಿತ್ತಾ ಎಂದು. ಪ್ರತಿ ಪಂದ್ಯದ ಪ್ರತಿ ನಡೆಯನ್ನೂ ನೆನಪಿಟ್ಟುಕೊಳ್ಳುವವರು ಅವರು. "ವಯಸ್ಸಾತಲ್ಲವಾ, ಏನೇನೋ ಮರೀತೀನಿ," ಅಂದು ಪಾತ್ರೆಯನ್ನು ಕವುಚಿಟ್ಟರು. ಆ ವರ್ಷವೆಲ್ಲ ಅವರು ಬೇಕಾದಷ್ಟು ಮರೆತರು. ಸಣ್ಣವನನ್ನು ದೊಡ್ಡವನೆಂದರು, ಗೆದ್ದದ್ದನ್ನು ಸೋತೆವೆಂದರು. ಶ್ರೀಧರ ಒಂದೊಂದನ್ನೂ ತಿದ್ದಿದ. ಮೊದಲು ಒಂದು ಪದದಲ್ಲಿ, ಆಮೇಲೆ ಎರಡು ಮೂರರಲ್ಲಿ, ಚಳಿಗಾಲ ಮುಗಿಯುವ ಹೊತ್ತಿಗೆ ತಡವರಿಸುತ್ತ ಇಡೀ ವಾಕ್ಯದಲ್ಲಿ. ಮಾತು ಕಲಿಸುವ ಹುಡುಗಿಯೂ ಚಿತ್ರಗಳನ್ನು ಪಕ್ಕಕ್ಕಿಟ್ಟು ಅವನಿಂದ ಫುಟ್ಬಾಲ್ ಹೇಳಿಸತೊಡಗಿದಳು. ಅವಳ ಶ್ರಮವೂ ದೊಡ್ಡದು. ಆದರೆ ಶ್ರೀಧರನಿಗೆ ಮಾತಾಡುವ ಆಸೆಯನ್ನು ವಾಪಸು ತಂದವರು ವಿಮಲಕ್ಕ.

ವಿಮಲಕ್ಕನ ಮಂಡಿ ನೋವು ಹೆಚ್ಚಾಗಿ ಮೆಟ್ಟಿಲು ಹತ್ತುವುದು ಕಷ್ಟವಾದಾಗ ಅವರ ತಂಗಿಯ ಮಗಳು ಹ್ಯೂಸ್ಟನ್ನಿಗೆ ಕರೆಸಿಕೊಂಡಳು. ಅಲ್ಲಿಂದಲೂ ಭಾನುವಾರ ಫೋನು ಬರುತ್ತಿತ್ತು. ಹೋದ ಚಳಿಗಾಲದಲ್ಲಿ ಮಧ್ಯಾಹ್ನದ ನಿದ್ದೆಯಲ್ಲೇ ಹೋದರು ಎಂದು ಅವಳೇ ತಿಳಿಸಿದಳು. ನೋವೇನೂ ಪಡಲಿಲ್ಲವಂತೆ.

ನಾವು ಅವರನ್ನು ಕೊನೆಯ ಸಲ ನೋಡಿದ್ದು ಅವರು ಹ್ಯೂಸ್ಟನ್ನಿಗೆ ಹೊರಟ ದಿನ, ಸ್ಯಾನ್ ಹೋಸೆ ಏರ್‌ಪೋರ್ಟಿನಲ್ಲಿ. ಕಾರು ನಾನು ಓಡಿಸಿದೆ. ಹಿಂದಿನ ಸೀಟಿನಲ್ಲಿ ಫ್ರೀವೇ ಉದ್ದಕ್ಕೂ ಕೋಚಿನ ವಿಚಾರಣೆ ನಡೆದಿತ್ತು. ಈಗ ಅವನು ಇಬ್ಬರು ಓಟಗಾರರನ್ನೂ ಸರದಿಯಲ್ಲಿ ಕಳಿಸುತ್ತಾನಲ್ಲ ಎಂದು ಶ್ರೀಧರ ಹೇಳಿದರೆ, "ನಾ ಹೇಳೂದು ನಿಲ್ಲಿಸಿದ ಮ್ಯಾಲ ಮಾಡ್ತಾನ" ಎಂದು ವಿಮಲಕ್ಕ ಗೊಣಗಿದರು.

ಏರ್‌ಪೋರ್ಟಿನ ಬಾಗಿಲ ಮುಂದೆ ಸಾಮಾನು ಇಳಿಸಿದೆವು. ನಾನು ಅವರ ಕಾಲು ಮುಟ್ಟಿದೆ. ಗಾಲಿಕುರ್ಚಿ ತಂದ ಹುಡುಗ ಕಾಯುತ್ತಿದ್ದ. ಶ್ರೀಧರ ಏನೋ ಹೇಳಲು ಬಾಯಿ ತೆರೆದ. ಪದ ಸಿಕ್ಕಿಕೊಂಡಿತು. ಕಾರು ತೆಗೆಯಿರಿ ಎಂದು ಪೊಲೀಸಿನವನು ಕೈ ಮಾಡಿದ. ಹಿಂದಿನ ಕಾರಿನವನು ಹಾರ್ನ್ ಒತ್ತಿದ. ನನಗೆ ಚಡಪಡಿಕೆ. ವಿಮಲಕ್ಕ ಮಾತ್ರ ಕುರ್ಚಿಯ ಹಿಡಿಕೆಗೆ ಆನಿಕೊಂಡು, ಪೊಲೀಸಿನವನಿಗೆ ಒಂದು ನಿಮಿಷ ಎಂದು ಬೆರಳು ತೋರಿಸಿ, ಶ್ರೀಧರನ ಮುಖವನ್ನೇ ನೋಡುತ್ತ ನಿಂತರು.

"ನನ್ ಹತ್ರ... ಎಲ್ರೂ... ಮೆತ್ತಗೆ ಮಾತಾಡಿದ್ರು," ಅಂದ ಅವನು. "ನೀವು... ಜಗಳ ಆಡಿದ್ರಿ. ಅದು... ಅದೇ ಬೇಕಿತ್ತು, ವಿಮಲಕ್ಕ."

ಅವರ ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲಿಲ್ಲ. ಕುರ್ಚಿಯಲ್ಲಿ ಕೂತು, ಸೆರಗು ಸರಿಮಾಡಿಕೊಂಡು, "ಜಗಳಾ ಇನ್ನೂ ಮುಗದಿಲ್ಲ. ಭಾನುವಾರ ಫೋನ್ ಹಚ್ಚು," ಅಂದರು.