ಬೇರೆಯವರ ನಿದ್ದೆಗೆ ಕಾವಲು

ಕಿಟಕಿ ಪರದೆಯ ಅಂಚಿನಲ್ಲಿ ಬೆಳಕು ಮೂಡುವ ಹೊತ್ತಿಗೆ ವೈರಕ್ಕ ಬಿಸಿನೀರಿನ ಬೋಗುಣಿ ಹಿಡಿದು ಒಳಗೆ ಬರುತ್ತಾರೆ. ಮಂಚದ ಮೇಲೆ ನಿವೃತ್ತ ಬಸ್ ಚಾಲಕರೊಬ್ಬರು ತಲೆತುಂಬ ವೈರು ಅಂಟಿಸಿಕೊಂಡು, ತಾವೆಲ್ಲಿದ್ದೇವೆಂದು ತಿಳಿಯದೆ ಕಣ್ಣು ಪಿಳುಕಿಸುತ್ತಿದ್ದಾರೆ. "ಅಲ್ಲಾಡಬೇಡಿ ಅಣ್ಣ. ಇರೋದೇ ನಾಲ್ಕು ಕೂದಲು, ಅದೂ ಕಿತ್ತು ಬಂದ್ರೆ ನನ್ನನ್ನ ಬೈತೀರಿ," ಎನ್ನುತ್ತ ಒದ್ದೆ ಬಟ್ಟೆಯಿಂದ ಅಂಟು ನೆನೆಸಿ ಒಂದೊಂದೇ ವೈರು ಬಿಡಿಸುತ್ತಾರೆ. ಚಾಲಕರು ನಗುತ್ತಾರೆ. ಮೂಲೆಯ ಕುರ್ಚಿಯಲ್ಲಿರುವ ಅವರ ಹೆಂಡತಿ ನಗುವುದಿಲ್ಲ. ಆಕೆಯ ಹುಬ್ಬಿನ ಮೇಲೆ ಹೊಲಿಗೆಯ ಗುರುತಿದೆ. ಗಂಡ ಕನಸಿನಲ್ಲಿ ಬಸ್ಸಿಗೆ ಅಡ್ಡ ಬಂದ ನಾಯಿಯನ್ನು ಓಡಿಸಲು ಬೀಸಿದ ಕೈ ಬಿದ್ದದ್ದು ಅಲ್ಲಿ.

ಆಸ್ಪತ್ರೆಯ ಹಿಂಭಾಗದ ನಿದ್ರಾ ಪರೀಕ್ಷೆಯ ವಿಭಾಗದಲ್ಲಿ ಇರುವುದು ಎರಡು ಮಂಚ, ನಡುವೆ ಒಂದು ಗಾಜಿನ ಕಿಟಕಿ, ಅದರಾಚೆ ಒಂದು ಕಂಪ್ಯೂಟರ್ ಪರದೆ, ಪರದೆಯ ಮುಂದೆ ಹಿಡಿಕೆ ಮುರಿದ ಕುರ್ಚಿ. ಇಪ್ಪತ್ತು ವರ್ಷ ಆ ಕುರ್ಚಿಯಲ್ಲಿ ಕುಳಿತು ಊರವರ ನಿದ್ದೆ ನೋಡಿದವರು ಇವರು. ನಿಜವಾದ ಹೆಸರು ಹಾಜರಿ ಪುಸ್ತಕಕ್ಕಷ್ಟೇ ಗೊತ್ತು. ನೆಲ ಒರೆಸುವವರಿಂದ ಹಿಡಿದು ದೊಡ್ಡ ಡಾಕ್ಟರವರೆಗೆ ಎಲ್ಲರ ಬಾಯಲ್ಲೂ ವೈರಕ್ಕ.

ಬರುವವರಲ್ಲಿ ಹೆಚ್ಚಿನವರು ಗೊರಕೆಯವರು. ಅವರದೇನೂ ವೈರಕ್ಕನಿಗೆ ಚಿಂತೆಯಿಲ್ಲ. ಚಿಂತೆ ಹಚ್ಚುವವರು ಚಾಲಕರಂಥವರು. ಗದ್ದಕ್ಕೆ ಅಂಟಿಸಿದ ವೈರಿನಿಂದ ಪರದೆಯಲ್ಲಿ ಮೂಡುವ ಗೆರೆಯನ್ನು ತೋರಿಸಿ ವೈರಕ್ಕ ವಿವರಿಸುತ್ತಾರೆ: "ಕನಸು ಬೀಳೋವಾಗ ಮೈ ಸತ್ತ ಹಾಗೆ ಬಿದ್ದಿರಬೇಕು. ಮೆದುಳೇ ಮೈಗೆ ಬೀಗ ಹಾಕಿರುತ್ತೆ. ಕೆಲವರಿಗೆ ಆ ಬೀಗ ಸಡಿಲ ಆಗುತ್ತೆ ನೋಡಿ. ಕನಸಲ್ಲಿ ಓಡಿದ್ರೆ ಮಂಚದ ಮೇಲೂ ಓಡ್ತಾರೆ, ಜಗಳ ಆಡಿದ್ರೆ ಪಕ್ಕದವರಿಗೆ ಬೀಳುತ್ತೆ." ಮನೆಯವರು ಇದನ್ನು ಕೆಟ್ಟ ಕನಸೆಂದು ತಳ್ಳಿಹಾಕುತ್ತಾರೆ. ಆದರೆ ಇಂಥವರಲ್ಲಿ ಬಹಳ ಮಂದಿಗೆ, ಎಷ್ಟೋ ವರ್ಷಗಳ ನಂತರ, ಕೈ ನಡುಗಲು ಶುರುವಾಗುತ್ತದೆ, ನಡಿಗೆ ಕುಗ್ಗುತ್ತದೆ, ಇಲ್ಲವೇ ಮರೆವು ಮುಸುಕುತ್ತದೆ. ತಡೆಯುವ ಮದ್ದು ಇನ್ನೂ ಬಂದಿಲ್ಲ.

ಹಾಗಾಗಿ ಡಾಕ್ಟರು ಮೊದಲು ಕೇಳುವುದು ಇದು ಯಾವಾಗಿನಿಂದ ಎಂದು. ಮಲಗಿದವನಿಗೆ ಅದು ತಿಳಿದಿರುವುದಿಲ್ಲ; ಪಕ್ಕದಲ್ಲಿ ಮಲಗುವವರೇ ಹೇಳಬೇಕು. ಹೇಳಲು ತಡವರಿಸುವ ಹೆಂಡತಿಯರನ್ನು ವೈರಕ್ಕ ಹಿಂದೆಲ್ಲ ಛೇಡಿಸುತ್ತಿದ್ದರಂತೆ. "ಒಂದೇ ಹಾಸಿಗೇಲಿ ಮಲಗಿ ಗೊತ್ತಾಗಲಿಲ್ವಾ, ಕುಂಭಕರ್ಣನ ತಂಗಿನಾ ನೀವು, ಅಂತಿದ್ದೆ. ಯಾವ ಬಾಯಲ್ಲಿ ಅಂದೆನೋ," ಎಂದು ಈಗ ತಲೆ ತಗ್ಗಿಸುತ್ತಾರೆ.

ವೈರಕ್ಕನ ಯಜಮಾನರು ಗಾಜು ಕತ್ತರಿಸುವವರು. ಕೆಳಗೆ ಅಂಗಡಿ, ಮೇಲೆ ಒಂದೂವರೆ ಕೋಣೆಯ ಮನೆ. ಪುಟ್ಟ ಚಕ್ರದ ಮೊನೆಯಿರುವ ಕತ್ತರಿಯಿಂದ ಗಾಜಿನ ಮೇಲೆ ಒಂದೇ ಸಲ ಗೆರೆ ಎಳೆದು, ಬೆರಳಿನಿಂದ ಮೆಲ್ಲಗೆ ಒತ್ತಿ ಎರಡಾಗಿಸುತ್ತಾರೆ. ಅದೇ ಗೆರೆಯ ಮೇಲೆ ಇನ್ನೊಮ್ಮೆ ಎಳೆದರೆ ಗಾಜು ಕೆಟ್ಟಂತೆಯೇ. ಹೆಂಡತಿ ಕೆಲಸ ಮುಗಿಸಿ ಬರುವಾಗ ಯಜಮಾನರು ಅಂಗಡಿಯ ಬಾಗಿಲು ತೆಗೆಯುತ್ತಾರೆ, ಅವರು ಬಾಗಿಲು ಹಾಕುವಾಗ ಆಕೆ ಹೊರಡುತ್ತಾರೆ. ವಾರದ ರಜೆಯ ರಾತ್ರಿಯೂ ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳಲು ವೈರಕ್ಕ ತಮ್ಮನ ಮನೆಗೆ ಹೋಗುತ್ತಿದ್ದರು. ಗಂಡ ಹೆಂಡತಿ ಊಟ ಹಂಚಿಕೊಂಡರು, ಮಾತು ಹಂಚಿಕೊಂಡರು, ಜಗಳವನ್ನೂ ಬಿಡಲಿಲ್ಲ. ರಾತ್ರಿಯೊಂದನ್ನು ಮಾತ್ರ ಹಂಚಿಕೊಳ್ಳಲಿಲ್ಲ.

ಯಜಮಾನರ ಮೊಣಕೈ, ಗೆಣ್ಣುಗಳು ಆಗಾಗ ನೀಲಿಗಟ್ಟಿರುತ್ತಿದ್ದವು. ಕೇಳಿದರೆ "ಅಂಗಡೀಲಿ ಏನೋ ತಗುಲಿರಬೇಕು ಬಿಡೇ" ಎನ್ನುತ್ತಿದ್ದರು. ವೈರಕ್ಕ ಮುಲಾಮು ಹಚ್ಚಿ ಸುಮ್ಮನಾಗುತ್ತಿದ್ದರು. "ಗಾಜು ಕುಯ್ಯುತ್ತೆ, ಕಂದಿಸಲ್ಲ. ಇಷ್ಟು ಸಣ್ಣ ಮಾತು ನನಗೆ ಹೊಳೀಲಿಲ್ಲ. ಪರದೇಲಿ ಕೂದಲೆಳೆಯಷ್ಟು ಗೆರೆ ಅಲುಗಿದ್ರೂ ಹಿಡಿಯೋಳು ನಾನು," ಎನ್ನುತ್ತಾರೆ.

ಹೋದ ವರ್ಷ ಪರೀಕ್ಷಾ ಕೊಠಡಿಯ ಚಾವಣಿ ಸೋರಿ ವಿಭಾಗಕ್ಕೆ ಬೀಗ ಬಿತ್ತು. ತಾಯಿ ಅಷ್ಟರಲ್ಲಿ ತೀರಿಕೊಂಡಿದ್ದರು. ವೈರಕ್ಕ ಬಹಳ ಕಾಲದ ಮೇಲೆ ಗಂಡನ ಪಕ್ಕದಲ್ಲಿ ಮಲಗಿದರು. ಮೂರನೆಯ ರಾತ್ರಿ ಭುಜಕ್ಕೆ ಗುದ್ದು ಬಿದ್ದು ಎಚ್ಚರವಾಯಿತು. ಯಜಮಾನರು ಕಣ್ಣು ಮುಚ್ಚಿಕೊಂಡೇ ಯಾರನ್ನೋ ಗದರುತ್ತಿದ್ದರು, ಗೋಡೆಗೆ ಒದೆಯುತ್ತಿದ್ದರು. ಎಬ್ಬಿಸಿದಾಗ ಬೆವರು ಒರೆಸಿಕೊಂಡು ಹೇಳಿದರು: "ಯಾರೋ ನಿನ್ನನ್ನ ಎಳ್ಕೊಂಡು ಹೋಗ್ತಿದ್ರು ಕಣೇ, ಬಿಡಿಸ್ತಿದ್ದೆ." ವೈರಕ್ಕ ದೀಪ ಹಾಕಲಿಲ್ಲ. ತಮ್ಮ ಮುಖ ಅವರಿಗೆ ಕಾಣಬಾರದೆಂದು ಹಾಗೆ ಮಾಡಿದ್ದಾಗಿ ಹೇಳುತ್ತಾರೆ.

ದುರಸ್ತಿ ಮುಗಿದ ವಾರವೇ ಯಜಮಾನರನ್ನು ಪರೀಕ್ಷೆಗೆ ಮಲಗಿಸಿದರು. ವೈರು ಅಂಟಿಸಿದ್ದು, ಪರದೆಯ ಮುಂದೆ ಕುಳಿತದ್ದು ವೈರಕ್ಕನೇ. ಬೇರೆಯವರಿಗೆ ಬಿಡಿ ಎಂದರೂ ಕೇಳಲಿಲ್ಲ. ಗದ್ದದ ಗೆರೆ ಕನಸಿನುದ್ದಕ್ಕೂ ಅಲುಗುತ್ತಲೇ ಇತ್ತು; ಬೀಗ ಸಡಿಲವಾಗಿತ್ತು. ಮರುದಿನ ಡಾಕ್ಟರು ಎಂದಿನ ಪ್ರಶ್ನೆ ಕೇಳಿದರು. ಯಜಮಾನರು ಹೆಂಡತಿಯ ಮುಖ ನೋಡಿದರು. ಮುಲಾಮು ಹಚ್ಚಿದ ವರ್ಷಗಳನ್ನು ವೈರಕ್ಕ ಮನಸ್ಸಿನಲ್ಲೇ ಎಣಿಸಿದರು. ಒಂದು ವರ್ಷದಿಂದಲೋ, ಹನ್ನೆರಡು ವರ್ಷದಿಂದಲೋ. ಕಾಯಿಲೆ ಹೊಸಿಲಲ್ಲಿ ನಿಂತಿದೆಯೋ, ಇನ್ನೂ ದೂರದ ತಿರುವಿನಲ್ಲಿದೆಯೋ, ಯಾರಿಗೂ ತಿಳಿಯದು.

ಯಜಮಾನರ ಕೈ ಇವತ್ತಿಗೂ ನಡುಗಿಲ್ಲ. "ಇವಳು ಬಂದು ಬಂದು ನನ್ನ ಬೆರಳು ನೋಡ್ತಾಳೆ. ನೋಡಿದ್ರೇನೇ ನಡುಕ ಬರೋದು," ಎಂದು ನಗುತ್ತಾ ಗಾಜಿನ ಮೇಲೆ ಗೆರೆ ಎಳೆಯುತ್ತಾರೆ. ಕಾಫಿಯ ಪರಿಮಳ ಮೂಗಿಗೆ ಬರುತ್ತಿಲ್ಲವೆಂಬುದನ್ನು ಮಾತ್ರ ಇತ್ತೀಚೆಗೆ ಒಪ್ಪಿಕೊಂಡಿದ್ದಾರೆ. ಅದೂ ಒಳ್ಳೆಯ ಸುದ್ದಿಯಲ್ಲ; ಆ ನಡುಕದ ಕಾಯಿಲೆಯ ಮುನ್ಸೂಚನೆಗಳಲ್ಲಿ ವಾಸನೆ ತಿಳಿಯದಿರುವುದೂ ಒಂದು. ವೈರಕ್ಕ ಲೋಟ ತೊಳೆಯುತ್ತಾರೆ.

ಆಸ್ಪತ್ರೆಯ ಬಟ್ಟೆ ಉಗ್ರಾಣದಲ್ಲಿ ಹಗಲಿನ ಕೆಲಸ ಖಾಲಿಯಿದೆ. ಹೊದಿಕೆ ಎಣಿಸಿ ಮಡಿಸಿಡುವ ಕೆಲಸ. ವೈರಕ್ಕ ಅದನ್ನು ಕೇಳಿದ್ದಾರೆ; ನಿಮ್ಮಷ್ಟು ನುರಿತವರು ಅಲ್ಲೇಕೆ ಎಂದು ಮೇಲಿನವರು ಎಳೆದಾಡುತ್ತಿದ್ದಾರೆ. "ಬೇರೆ ಬೇರೆ ಮಲಗಿ, ಏಟು ಬೀಳುತ್ತೆ ಅಂತಾರೆ ಡಾಕ್ಟರು. ನಾನೇ ಎಷ್ಟೋ ಜನಕ್ಕೆ ಹಾಗೆ ಹೇಳಿದೀನಿ," ಎನ್ನುತ್ತಾರೆ ವೈರಕ್ಕ. "ಅದೇ ಕೋಣೇಲಿ ಕೆಳಗೆ ಹಾಸ್ಕೊಳ್ತೀನಿ ಬಿಡಿ. ಅವರು ಕೂಗಿದಾಗ 'ನಾನು ಇಲ್ಲೇ ಇದೀನಿ ರೀ' ಅಂದ್ರೆ ನಿದ್ದೇಲೇ ಸುಮ್ಮನಾಗ್ತಾರೆ. ನನ್ನ ದನಿ ಇನ್ನೂ ಗುರುತು ಸಿಗುತ್ತೆ ಅವರಿಗೆ. ಸಿಗೋವಷ್ಟು ದಿನ ಹೇಳ್ತಾ ಇರಬೇಕು."